ಐದು ನಿಮಿಷದ ಸೀನಿಗೊಂದು ಕಾನೂನು

ಸಿನಿಮಾ ಪಾಠ ಮಾಡೋ ಮೇಷ್ಟ್ರಿಗೆ ಇಡೀ ಚಿತ್ರ ಬೇಕಿಲ್ಲ. ಇದರಲ್ಲಿ ಎರಡು ನಿಮಿಷ, ಅದರಲ್ಲಿ ಮೂರು ನಿಮಿಷ. ಬೇಕಾದ ಸೀನುಗಳನ್ನೆಲ್ಲ ಒಂದೇ ಡಿಸ್ಕಿಗೆ ಬರ್ನ್ ಮಾಡ್ಕೊಂಡ್ರೆ ಕೆಲಸ ಮುಗೀತು. ಅಮೆರಿಕದಲ್ಲಿ ಇಷ್ಟಕ್ಕೂ ಸರ್ಕಾರದ ಅಪ್ಪಣೆ ಬೇಕಾಯ್ತು ಅಂದ್ರೆ ನಂಬ್ತೀರಾ?

1996ರಲ್ಲಿ ಜಪಾನಿನಲ್ಲಿ ಡಿವಿಡಿ ಮಾರುಕಟ್ಟೆಗೆ ಬಂತು. ಸಿನಿಮಾ ಡಿಸ್ಕುಗಳಿಗೆ ಸಿಎಸ್‌ಎಸ್ ಅನ್ನೋ ಬೀಗ ಹಾಕಿದರು. ಅದರ ಕೀಲಿ ಬರೀ 40 ಬಿಟ್. 1999ರಲ್ಲಿ ಅದನ್ನು ಬಿಚ್ಚುವ ಡಿಸಿಎಸ್‌ಎಸ್ ಪ್ರೋಗ್ರಾಂ ಹೊರಬಂತು. ಅದರ ಹಿಂದಿದ್ದವರಲ್ಲಿ ನಾರ್ವೆಯ ಹದಿನೈದರ ಹುಡುಗ ಯೋನ್ ಲೆಕ್ ಯೋಹಾನ್ಸನ್ ಒಬ್ಬ. ಅವನ ಮೇಲೆ ಕೇಸಾಯ್ತು. 2003ರಲ್ಲಿ ಎರಡು ಕೋರ್ಟುಗಳೂ ಅವನನ್ನು ಖುಲಾಸೆ ಮಾಡಿದವು.

ಅಮೆರಿಕದ ಕಥೆ ಬೇರೆ. ಅಲ್ಲಿ ಪಾಠಕ್ಕಾಗಿ ತುಣುಕು ತೋರಿಸೋದು ತಪ್ಪಲ್ಲ. ಆದರೆ 1998ರ ಡಿಎಂಸಿಎ ಕಾನೂನಿನ ಪ್ರಕಾರ ಬೀಗ ಮುರಿಯೋದೇ ತಪ್ಪು. ಬಾವಿ ನೀರು ಕುಡಿ, ಹಗ್ಗ ಮಾತ್ರ ಮುಟ್ಟಬೇಡ ಅಂದಂಗೆ! 2006ರಲ್ಲಿ ಸಿನಿಮಾ ವಿಭಾಗದ ಪ್ರಾಧ್ಯಾಪಕರಿಗೆ, ತಮ್ಮ ವಿಭಾಗದ ಲೈಬ್ರರಿಯ ಡಿಸ್ಕುಗಳಿಂದ ಕ್ಲಾಸಿಗಾಗಿ ತುಣುಕು ಜೋಡಿಸಿಕೊಳ್ಳಲು ವಿನಾಯಿತಿ ಸಿಕ್ಕಿತು. ಅದೂ ಮೂರು ವರ್ಷದ ಮಟ್ಟಿಗೆ. 2010ರಲ್ಲಿ ಅದು ಉಳಿದ ಕಾಲೇಜು ಅಧ್ಯಾಪಕರಿಗೂ ವಿಸ್ತರಿಸಿತು.

ನಮ್ಮ ದೇಶದ 2012ರ ತಿದ್ದುಪಡಿ ಇದಕ್ಕಿಂತ ಉದಾರ. ಹಕ್ಕು ಉಲ್ಲಂಘಿಸುವ ಉದ್ದೇಶದಿಂದ ಬೀಗ ಮುರಿದರೆ ಮಾತ್ರ ಅಪರಾಧ.

ಬೀಗಕ್ಕೆ ಕಳ್ಳನೂ ಒಂದೇ, ಮೇಷ್ಟ್ರೂ ಒಂದೇ. ಕೋಡ್ ಬರೆಯೋ ನಮಗೆ ಇದು ಗೊತ್ತು. ವ್ಯತ್ಯಾಸ ನೋಡಬೇಕಾದ್ದು ಕಾನೂನು.