ಪ್ರತಿಕೃತಿಯೂ ಒರೆಗಲ್ಲೂ: ಜೆಮ್5 ಸಿಮ್ಯುಲೇಟರಿನ ಚರಿತ್ರೆ

ಗಣಕಯಂತ್ರದ ಹೃದಯವೆನಿಸಿದ ಪ್ರೊಸೆಸರನ್ನು ಸಿಲಿಕಾನಿನಲ್ಲಿ ನಿರ್ಮಿಸುವುದು ಬಹುವೆಚ್ಚದ, ದೀರ್ಘಕಾಲದ ಕಾರ್ಯ. ಆದುದರಿಂದ ವಿನ್ಯಾಸಕರು ಮೊದಲು ಅದರ ಪ್ರತಿಕೃತಿಯೊಂದನ್ನು ಸಾಫ್ಟ್‌ವೇರಿನಲ್ಲಿ ರಚಿಸಿ, ಇನ್ನೂ ಹುಟ್ಟದ ಯಂತ್ರದ ಮೇಲೆ ಪ್ರೋಗ್ರಾಮುಗಳನ್ನು ನಡೆಸಿ ನೋಡುತ್ತಾರೆ. ಈ ಪ್ರತಿಕೃತಿಗೆ ಸಿಮ್ಯುಲೇಟರ್ ಎಂದೂ, ವೇಗವನ್ನು ಅಳೆಯಲು ಆರಿಸಿಕೊಂಡ ಪ್ರೋಗ್ರಾಮುಗಳಿಗೆ ಬೆಂಚ್‌ಮಾರ್ಕ್ ಎಂದೂ ಹೆಸರು. ಎರಡನೆಯದನ್ನು ಕನ್ನಡದಲ್ಲಿ ಒರೆಗಲ್ಲೆಂದು ಕರೆದರೆ ತಪ್ಪಾಗಲಾರದು. ಇವೆರಡೂ ಬಹುಜನರ ಕೊಡುಗೆಯಿಂದ ಬೆಳೆದುವು; ಒಂದನ್ನು ಬಿಟ್ಟು ಇನ್ನೊಂದನ್ನು ನಂಬಿದಾಗಲೆಲ್ಲ ಶಾಸ್ತ್ರಜ್ಞರು ಎಡವಿದರು.

ಒರೆಗಲ್ಲಿನ ಕಥೆ ಹಳೆಯದು. 1972ರಲ್ಲಿ ಇಂಗ್ಲೆಂಡಿನ ನ್ಯಾಷನಲ್ ಫಿಸಿಕಲ್ ಲ್ಯಾಬೊರೇಟರಿಯಲ್ಲಿ ರೂಪುಗೊಂಡ ಬೆಂಚ್‌ಮಾರ್ಕಿಗೆ 'ವೆಟ್‌ಸ್ಟೋನ್' ಎಂಬ ಹೆಸರು ಬಂದಿತು. ಆ ಪದಕ್ಕೆ ಸಾಣೆಕಲ್ಲೆಂಬ ಅರ್ಥವಿದ್ದರೂ, ಇಲ್ಲಿ ಅದು ಲೆಸ್ಟರ್‌ಷೈರಿನ ಒಂದು ಊರಿನ ಹೆಸರು. ಆ ಹೆಸರಿನ ಆಲ್ಗಾಲ್ ಕಂಪೈಲರಿನ ಮೂಲಕ ಬಂದುದು. 1984ರಲ್ಲಿ ರೈನ್‌ಹೋಲ್ಡ್ ವೈಕರ್ ರಚಿಸಿದ ಬೆಂಚ್‌ಮಾರ್ಕು ಆ ಹೆಸರಿನ ಮೇಲೆಯೇ ಶ್ಲೇಷೆ ಮಾಡಿ 'ಡ್ರೈಸ್ಟೋನ್' ಎನಿಸಿಕೊಂಡಿತು. ಇವೆರಡೂ ಅಳತೆಗೆಂದೇ ಹೆಣೆದ ಕೃತಕ ಪ್ರೋಗ್ರಾಮುಗಳು. ನಿಜವಾದ ಕೆಲಸದಲ್ಲಿ ಬಳಕೆಯಾಗುವ ಪ್ರೋಗ್ರಾಮುಗಳಿಂದಲೇ ಅಳೆಯಬೇಕೆಂಬ ಆಶಯದಿಂದ 1988ರಲ್ಲಿ 'ಸ್ಪೆಕ್' ಎಂಬ ಸಂಸ್ಥೆ ಸ್ಥಾಪಿತವಾಗಿ, ಮರುವರ್ಷ ಹತ್ತು ಪ್ರೋಗ್ರಾಮುಗಳ ಸಂಪುಟವೊಂದನ್ನು ಹೊರತಂದಿತು.

ಆ ಹತ್ತರಲ್ಲಿ 'ಮ್ಯಾಟ್ರಿಕ್ಸ್300' ಎಂಬುದೊಂದು. ಅದು ನಡೆಯುವ ಕಾಲದ ಶೇಕಡ 99 ಭಾಗ ಒಂದೇ ಒಂದು ಸಾಲಿನಲ್ಲಿ ಕಳೆಯುತ್ತಿದ್ದಿತು. ಆ ಸಾಲನ್ನು ಚುರುಕುಗೊಳಿಸುವ ಉಪಾಯ ಕಂಪೈಲರ್ ರಚನಕಾರರಿಗೆ ಹೊಳೆದೊಡನೆ ಅಂಕಗಳು ಹಲವು ಮಡಿ ಏರಿದುವು. ಯಂತ್ರ ಮಾತ್ರ ಇದ್ದಂತೆಯೇ ಇದ್ದಿತು. 1992ರ ಸಂಪುಟದಲ್ಲಿ ಅದನ್ನು ಕೈಬಿಡಬೇಕಾಯಿತು. ಒರೆಗಲ್ಲೂ ಸವೆಯುತ್ತದೆ ಎಂಬ ಪಾಠವನ್ನು ಈ ಕ್ಷೇತ್ರ ಕಲಿತುದು ಹೀಗೆ.

ಇನ್ನು ಪ್ರತಿಕೃತಿಯ ಕಡೆಗೆ ತಿರುಗಬಹುದು. 1990ರ ದಶಕದಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಟಾಡ್ ಆಸ್ಟಿನ್ ಆರಂಭಿಸಿ, ಡಗ್ ಬರ್ಗರ್ ಅವರೊಡನೆ ಬೆಳೆಸಿದ 'ಸಿಂಪಲ್‌ಸ್ಕೇಲಾರ್', ಸಂಶೋಧಕರ ಕೈಗೆ ಮೂಲಪಾಠಸಹಿತವಾಗಿ ದೊರೆತ ಸಿಮ್ಯುಲೇಟರುಗಳಲ್ಲಿ ಪ್ರಖ್ಯಾತವಾದುದು. ಅದನ್ನು ಆಧರಿಸಿದ ಪ್ರಬಂಧಗಳು ಹೇರಳವಾಗಿ ಬಂದುವು. ಆದರೆ ಪ್ರತಿಕೃತಿ ಮೂಲವನ್ನು ಎಷ್ಟರ ಮಟ್ಟಿಗೆ ಹೋಲುತ್ತದೆ? 2001ರಲ್ಲಿ ಟೆಕ್ಸಾಸ್ ವಿಶ್ವವಿದ್ಯಾಲಯದ ದೇಶಿಕನ್, ಬರ್ಗರ್, ಕೆಕ್ಲರ್ ಎಂಬ ಮೂವರು ಆಲ್ಫಾ 21264 ಪ್ರೊಸೆಸರಿನ ಪ್ರತಿಕೃತಿಯೊಂದನ್ನು ನಿಜಯಂತ್ರದೊಡನೆ ಹೋಲಿಸಿದರು. ಒಂದೊಂದು ಅಂಗವನ್ನು ಬೇರೆಬೇರೆಯಾಗಿ ಪರೀಕ್ಷಿಸುವ ಕಿರು ಬೆಂಚ್‌ಮಾರ್ಕುಗಳಲ್ಲಿ ಸರಾಸರಿ ದೋಷ ಶೇಕಡ 2ರಷ್ಟಕ್ಕೆ ಇಳಿದಿದ್ದರೂ, ದೊಡ್ಡ ಪ್ರೋಗ್ರಾಮುಗಳಲ್ಲಿ ಅದು ಶೇಕಡ 18ರಷ್ಟು ಉಳಿದಿದ್ದಿತು. ಬಿಡಿಭಾಗಗಳು ಸರಿಯಿದ್ದ ಮಾತ್ರಕ್ಕೆ ಇಡಿಯೂ ಸರಿಯೆನ್ನಲಾಗದೆಂಬುದು ಇದರಿಂದ ವಿಶದವಾಯಿತು.

ಇದೇ ಕಾಲದಲ್ಲಿ ಎರಡು ಸಿಮ್ಯುಲೇಟರುಗಳು ಬೇರೆಬೇರೆ ಕಡೆ ಬೆಳೆಯುತ್ತಿದ್ದುವು. ಮಿಷಿಗನ್ ವಿಶ್ವವಿದ್ಯಾಲಯದ 'ಎಂ5' ಜಾಲಬದ್ಧ ಯಂತ್ರಗಳ ಅಧ್ಯಯನಕ್ಕೆಂದು ಹುಟ್ಟಿದುದು. ಪ್ರೊಸೆಸರಿನ ಮಾದರಿಗಳಲ್ಲಿ ಅದು ಸಮೃದ್ಧ. ವಿಸ್ಕಾನ್ಸಿನ್ನಿನ 'ಜೆಮ್ಸ್' ಸ್ಮರಣವ್ಯವಸ್ಥೆಯ ಸೂಕ್ಷ್ಮ ನಿರೂಪಣೆಗೆ ಹೆಸರಾದುದು. ಆದರೆ ಯಂತ್ರವನ್ನು ನಡೆಸಲು ಅದು ಸಿಮಿಕ್ಸ್ ಎಂಬ ವಾಣಿಜ್ಯ ಸಾಫ್ಟ್‌ವೇರನ್ನು ಆಶ್ರಯಿಸಿದ್ದಿತು. ಒಂದರ ಕೊರತೆಯನ್ನು ಇನ್ನೊಂದು ತುಂಬಬಲ್ಲುದಾಗಿದ್ದುದರಿಂದ ಇವೆರಡೂ ಕೂಡಿ 'ಜೆಮ್5' ಆದುವು. ಅದನ್ನು ವಿವರಿಸುವ ಪ್ರಬಂಧ 2011ರ ಆಗಸ್ಟಿನಲ್ಲಿ 16 ಲೇಖಕರ ಹೆಸರಿನಲ್ಲಿ ಪ್ರಕಟವಾಯಿತು. ವಿಶ್ವವಿದ್ಯಾಲಯಗಳೊಡನೆ ಎಎಂಡಿ, ಆರ್ಮ್, ಎಚ್‌ಪಿ ಮೊದಲಾದ ಉದ್ಯಮಗಳೂ ಅದರಲ್ಲಿ ಪಾಲುಗೊಂಡಿದ್ದುವು. ಯಾರು ಬೇಕಾದರೂ ಬಳಸಿ, ತಿದ್ದಿ, ಹಂಚಬಹುದಾದ ಬಿಎಸ್‌ಡಿ ಪರವಾನಗಿಯನ್ನು ಆರಿಸಿಕೊಂಡುದು ಉದ್ಯಮಗಳಿಗೂ ವಿದ್ವಾಂಸರಿಗೂ ಸಮಾನವಾದ ನೆಲೆಯನ್ನೊದಗಿಸಿತು.

ಅಲ್ಲಿಂದ ಮುಂದೆ ಹೊಸ ಅಂಗಗಳು ನಾನಾ ಕಡೆಗಳಿಂದ ಬಂದು ಸೇರಿದುವು. ಪ್ರಿನ್ಸ್‌ಟನ್ನಿನಲ್ಲಿ ಹುಟ್ಟಿದ 'ಗಾರ್ನೆಟ್' ಎಂಬ ಜಾಲಮಾದರಿ ಜೆಮ್ಸ್‌ನ ಮೂಲಕ ಒಳಬಂದಿತು. 2017ರ ಹೊತ್ತಿಗೆ ವರ್ಜೀನಿಯಾ ವಿಶ್ವವಿದ್ಯಾಲಯದಿಂದ ರಿಸ್ಕ್-ಫೈವ್ ಆದೇಶಸಮುಚ್ಚಯದ ಕೊಡುಗೆ ಬಂದಿತು. ಹೀಗೆ ಬಂದುದನ್ನು ನಿರ್ವಾಹಕರು ಪರಿಶೀಲಿಸಿ, ಪರೀಕ್ಷೆಗಳಲ್ಲಿ ತೇರ್ಗಡೆಯಾದ ಮೇಲೆಯೇ ಸೇರಿಸಿಕೊಳ್ಳುವ ಪದ್ಧತಿ ನೆಲೆಗೊಂಡಿತು. 2020ರಲ್ಲಿ 20.0 ಆವೃತ್ತಿ ಹೊರಬಿದ್ದು, ಅದರ ಪ್ರಬಂಧಕ್ಕೆ 70ಕ್ಕೂ ಹೆಚ್ಚು ಮಂದಿ ಲೇಖಕರಾದರು.

ಆದರೂ ಅಳತೆಯ ಪ್ರಶ್ನೆ ತೀರಲಿಲ್ಲ. 2014ರಲ್ಲಿ ಜೆಮ್5ನ್ನು ಆರ್ಮ್ ಯಂತ್ರವೊಂದರೊಡನೆ ಹೋಲಿಸಿದಾಗ, ಸ್ಪೆಕ್ 2006 ಪ್ರೋಗ್ರಾಮುಗಳಲ್ಲಿ ಸರಾಸರಿ ಶೇಕಡ 13ರಷ್ಟು ವ್ಯತ್ಯಾಸ ಕಂಡುಬಂದಿತು. ಇದಲ್ಲದೆ, ಒಂದೇ ಹೆಸರಿನ ಬೆಂಚ್‌ಮಾರ್ಕನ್ನು ಇಬ್ಬರು ಬೇರೆ ಕಂಪೈಲರಿನಿಂದ, ಬೇರೆ ಕರ್ನಲಿನ ಮೇಲೆ ನಡೆಸಿದರೆ ಫಲಿತಾಂಶಗಳನ್ನು ಹೋಲಿಸುವುದೆಂತು? ಕನ್ನಡ ಶಾಸನಗಳಲ್ಲಿ ದತ್ತಿಭೂಮಿಯನ್ನು ಇಷ್ಟು ಮತ್ತರೆಂದು ಹೇಳುವಾಗ ಯಾವ ಗಳೆಯಿಂದ ಅಳೆದುದೆಂಬುದನ್ನೂ ಹಲವೆಡೆ ನಮೂದಿಸಿರುವುದುಂಟು. ಗಳೆಯ ಉದ್ದ ಸ್ಥಳದಿಂದ ಸ್ಥಳಕ್ಕೆ ಬೇರೆಯಾಗಿದ್ದುದೇ ಅದಕ್ಕೆ ಕಾರಣ. ಅಂತಹ ನಮೂದಿಗೆ ಸಮಾನವಾದ ಕಾರ್ಯವನ್ನೇ 'ಜೆಮ್5 ರಿಸೋರ್ಸಸ್' ಎಂಬ ಭಂಡಾರ ಕೈಗೊಂಡಿತು. ಬೆಂಚ್‌ಮಾರ್ಕುಗಳು, ಕರ್ನಲುಗಳು, ಡಿಸ್ಕಿನ ಪ್ರತಿಗಳು, ಅವನ್ನು ಸಿದ್ಧಪಡಿಸುವ ವಿಧಾನ ಇವೆಲ್ಲ ಅಲ್ಲಿ ಆವೃತ್ತಿಸಹಿತವಾಗಿ ದೊರೆಯುತ್ತವೆ. ಸ್ಪೆಕ್ ಸಂಪುಟವು ಹಣತೆತ್ತು ಪಡೆಯಬೇಕಾದುದಾದ್ದರಿಂದ, ಅದನ್ನು ಅಳವಡಿಸುವ ಸೂಚನೆಗಳನ್ನಷ್ಟೇ ಅಲ್ಲಿ ಕೊಡಲಾಗಿದೆ. ಪ್ರತಿಕೃತಿ ಮುಕ್ತವಾದರೂ ಪ್ರಸಿದ್ಧವಾದ ಒರೆಗಲ್ಲು ಇನ್ನೂ ಮುಕ್ತವಾಗಿಲ್ಲ.

ಹೊಸ ಅಂಗವನ್ನು ಕೊಟ್ಟವರಿಗೆ ಕೀರ್ತಿ ಬೇಗ ಬರುತ್ತದೆ; ಒರೆಗಲ್ಲನ್ನು ಕಾಯ್ದು ಕೊಡುವವರ ಶ್ರಮ ಕಣ್ಣಿಗೆ ಬೀಳುವುದು ಅಪೂರ್ವ. ಆದರೆ ಮ್ಯಾಟ್ರಿಕ್ಸ್300ರಿಂದ ಜೆಮ್5ವರೆಗಿನ ಚರಿತ್ರೆಯನ್ನು ಅವಲೋಕಿಸಿದರೆ, ಮತ್ತೊಬ್ಬರು ಅದೇ ಅಳತೆಗೋಲಿನಿಂದ ಅಳೆದು ಅದೇ ಉತ್ತರವನ್ನು ಪಡೆಯಬಲ್ಲ ಕೊಡುಗೆಯೇ ಶಾಸ್ತ್ರವೆನಿಸಿಕೊಂಡಿತೆಂಬುದೂ, ಉಳಿದುದು ಕೊಟ್ಟವರ ಹೇಳಿಕೆಯಾಗಿಯೇ ನಿಂತಿತೆಂಬುದೂ ವ್ಯಕ್ತವಾಗುತ್ತದೆ.