ಕಸುಬು ಕಲಿತ ಕೈ, ಲೆಕ್ಕ ಬರೆದ ಕೈ



ಪ್ರೌಢಶಾಲೆಯ ಸಮಾಜ ವಿಜ್ಞಾನದ ಪಾಠಗಳಲ್ಲಿ ಬಾಸೆಲ್ ಮಿಷನ್ನಿಗೆ ದೊರೆಯುತ್ತಿದ್ದುದು ಎರಡೋ ಮೂರೋ ವಾಕ್ಯಗಳಷ್ಟೆ. 1843ರ ‘ಮಂಗಳೂರ ಸಮಾಚಾರ’, 1894ರಲ್ಲಿ ಹೊರಬಂದ ಕಿಟೆಲ್ಲರ ನಿಘಂಟು, ಮಂಗಳೂರು ಹೆಂಚು. ಪರೀಕ್ಷೆಯ ಮಟ್ಟಿಗೆ ಇಷ್ಟು ಸಾಕಿತ್ತು. ಆದರೆ ಚುರುಕಾದ ಮಕ್ಕಳು ಕೆಲವರು ಕೇಳುತ್ತಿದ್ದರು: “ಧರ್ಮಪ್ರಚಾರಕ್ಕೆ ಬಂದವರು ಹೆಂಚನ್ನೇಕೆ ಸುಟ್ಟರು ಸಾರ್?” ನಲವತ್ತು ನಿಮಿಷಗಳ ತರಗತಿಯಲ್ಲಿ ಈ ಪ್ರಶ್ನೆಗೆ ಪೂರ್ಣ ಉತ್ತರ ಹೇಳಲಾಗುತ್ತಿರಲಿಲ್ಲ. ನಿವೃತ್ತಿಯ ಬಿಡುವಿನಲ್ಲಿ ಅದನ್ನು ಇಲ್ಲಿ ಬರೆಯುತ್ತಿದ್ದೇನೆ.

1833ರ ಚಾರ್ಟರ್ ಕಾಯಿದೆಯು ಬ್ರಿಟಿಷರಲ್ಲದ ಮಿಷನರಿಗಳಿಗೂ ಭಾರತದ ಬಾಗಿಲನ್ನು ತೆರೆಯಿತು. ಮರುವರ್ಷವೇ, 1834ರ ಅಕ್ಟೋಬರಿನಲ್ಲಿ, ಹೆಬಿಕ್, ಲೇನರ್ ಮತ್ತು ಗ್ರೈನರ್ ಎಂಬ ಮೂವರು ಮಂಗಳೂರಿಗೆ ಬಂದರು. ಇವರನ್ನು ಕಳುಹಿಸಿದ ಸಂಸ್ಥೆ 1815ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ಹುಟ್ಟಿದ್ದು. ಅದರ ಕಾರ್ಯಕರ್ತರಲ್ಲಿ ಬಹುಮಂದಿ ದಕ್ಷಿಣ ಜರ್ಮನಿಯ ವ್ಯುರ್ಟೆಂಬರ್ಗ್ ಸೀಮೆಯವರು. ರೈತರ, ಕುಶಲಕರ್ಮಿಗಳ ಮನೆಗಳಿಂದ ಬಂದವರು. ದುಡಿಮೆಯೂ ದೇವರ ಸೇವೆಯೇ ಎಂಬುದು ಅವರ ನಂಬಿಕೆಯಾಗಿತ್ತು.

ಇಲ್ಲಿ ಅವರಿಗೆ ಎದುರಾದ ಸಮಸ್ಯೆ ಅನಿರೀಕ್ಷಿತವಾದುದು. ಅಂದಿನ ಸಮಾಜದಲ್ಲಿ ಜಾತಿ, ಕಸುಬು, ಗೇಣಿಯ ಭೂಮಿ ಮೂರೂ ಒಂದೇ ಹಗ್ಗದ ಎಳೆಗಳು. ಮತಾಂತರಗೊಂಡವನು ಮನೆಯನ್ನೂ ಬಂಧುಬಳಗವನ್ನೂ ಕಳೆದುಕೊಳ್ಳುವುದರ ಜೊತೆಗೆ ಅನ್ನದ ದಾರಿಯನ್ನೂ ಕಳೆದುಕೊಳ್ಳುತ್ತಿದ್ದ. ತುಳುನಾಡಿನಲ್ಲಿ ಮಿಷನ್ನನ್ನು ಸೇರಿದವರಲ್ಲಿ ಬಿಲ್ಲವರು ಹೆಚ್ಚು. ಅವರಲ್ಲಿ ಅನೇಕರ ಜೀವನಾಧಾರ ಶೇಂದಿ ಇಳಿಸುವುದು. ಮಿಷನ್ನಿನ ಶಿಸ್ತಿಗೆ ಅದು ಒಪ್ಪಿತವಾಗಿರಲಿಲ್ಲ. ಹಳೆಯ ಕಸುಬನ್ನು ಬಿಡಿಸಿದವರು ಹೊಸದೊಂದನ್ನು ಕೊಡಲೇಬೇಕಾಯಿತು. ದಾನ ಕೊಟ್ಟು ಸಾಕಿದರೆ ಅದು ಭಿಕ್ಷೆಯಾಗುತ್ತದೆ, ಭಿಕ್ಷೆ ಮನುಷ್ಯನನ್ನು ಕುಗ್ಗಿಸುತ್ತದೆ ಎಂಬ ಅಳುಕೂ ಅವರಿಗಿತ್ತು.

ಮೊದಲ ಪ್ರಯತ್ನಗಳು ನೆಲಕಚ್ಚಿದವು. ಗದಗದ ಸಮೀಪದ ಮಲಸಮುದ್ರದಲ್ಲಿ ಬೇಸಾಯದ ವಸಾಹತನ್ನು ಕಟ್ಟಲು ಹೋದರು, ನಿಲ್ಲಲಿಲ್ಲ. ಮಂಗಳೂರಿನಲ್ಲಿ ಗಡಿಯಾರದ ಕೆಲಸ ಕಲಿಸಲು ಹೊರಟರು, ಗಿರಾಕಿಗಳಿರಲಿಲ್ಲ. ಕಲಿಸುವವನಿಗೆ ಗೊತ್ತಿರುವ ವಿದ್ಯೆ ಊರಿಗೆ ಬೇಕಾದ ವಿದ್ಯೆಯೇ ಆಗಿರಬೇಕೆಂದಿಲ್ಲ. ನಮ್ಮ ಶಿಕ್ಷಣ ಕ್ಷೇತ್ರಕ್ಕೂ ಒಪ್ಪುವ ಮಾತಿದು!

ಗೆಲುವು ಬಂದದ್ದು ಊರಿಗೆ ಹೊಂದುವ ಎರಡು ಕಸುಬುಗಳಿಂದ. 1851ರಲ್ಲಿ ನೇಯ್ಗೆ ಬಲ್ಲ ಯೋಹಾನ್ನೆಸ್ ಹಾಲರ್ ಮಂಗಳೂರಿಗೆ ಬಂದನು. ಅವನ ಮೇಲ್ವಿಚಾರಣೆಯಲ್ಲಿ ಮಗ್ಗಗಳು ಏಳಿದವು, ಬಣ್ಣದ ಮನೆಯೂ ಆಯಿತು. ಮುಂದೆ ಕಣ್ಣೂರು, ಕಲ್ಲಿಕೋಟೆಗಳಲ್ಲೂ ನೇಯ್ಗೆ ಕಾರ್ಖಾನೆಗಳಾದವು. ಖಾಕಿ ಬಣ್ಣ ಹುಟ್ಟಿದ್ದೇ ಬಲ್ಮಠದಲ್ಲಿ ಎಂದು ನಮ್ಮ ಕಡೆ ಹೆಮ್ಮೆಯಿಂದ ಹೇಳುವುದುಂಟು. ವಾಯವ್ಯ ಗಡಿಯ ಸೈನಿಕ ದಳವೊಂದು 1840ರ ದಶಕದಲ್ಲೇ ಆ ಬಣ್ಣದ ಉಡುಪನ್ನು ಧರಿಸುತ್ತಿತ್ತು. ಆದರೂ ಹಾಲರನ ಖಾಕಿ ಬಟ್ಟೆ ಹೆಸರು ಗಳಿಸಿದ್ದು ನಿಜ.

ಎರಡನೆಯದು ಹೆಂಚು. ಆಗ ಬಡವರ ಮನೆಗೆ ಮುಳಿಹುಲ್ಲು ಅಥವಾ ತೆಂಗಿನ ಗರಿಯ ಮಾಡು. ಅನುಕೂಲಸ್ಥರ ಮನೆಗೆ ಕುಂಬಾರರ ಕೈಹೆಂಚು. ಮುದ್ರಣಾಲಯದ ಕೆಲಸಕ್ಕೆಂದು ಬಂದಿದ್ದ ಜಾರ್ಜ್ ಪ್ಲೆಬ್ಸ್ಟ್ ಯಂತ್ರವಿದ್ಯೆಯನ್ನು ಬಲ್ಲವನು. ನೇತ್ರಾವತಿಯ ಬದಿಯ ಜೇಡಿಮಣ್ಣನ್ನು ಪರೀಕ್ಷಿಸಿ, ಒಂದಕ್ಕೊಂದು ಕೊಂಡಿಯಂತೆ ಕೂಡುವ ಯೂರೋಪಿನ ಮಾದರಿಯ ಹೆಂಚನ್ನು ಇಲ್ಲಿ ಒತ್ತಿಸಿದನು. 1865ರಲ್ಲಿ ಜೆಪ್ಪುವಿನಲ್ಲಿ ಕಾರ್ಖಾನೆ ಆರಂಭವಾಯಿತು. ಬಳಿಕ ಕುದ್ರೋಳಿ, ಮಲ್ಪೆ, ಕಲ್ಲಿಕೋಟೆ, ಪಾಲಕ್ಕಾಡುಗಳಲ್ಲೂ ಗೂಡುಗಳು ಉರಿದವು. ಮಂಗಳೂರು ಹೆಂಚು ಹಡಗನ್ನೇರಿ ಮುಂಬಯಿ, ಸಿಲೋನ್, ಪೂರ್ವ ಆಫ್ರಿಕಗಳನ್ನು ತಲುಪಿತು.

ಈ ಉದ್ಯಮಗಳು ಕುಟುಂಬಗಳಿಗೆ ಏನನ್ನು ಕೊಟ್ಟವು? ನಿಗದಿಯಾದ ಕೂಲಿ, ನಿಗದಿಯಾದ ವೇಳೆ, ಭಾನುವಾರದ ಬಿಡುವು, ಮಕ್ಕಳಿಗೆ ಶಾಲೆ. ಸಾಲಿಗರ ಮನೆಬಾಗಿಲಿಗೆ ಅಲೆಯುತ್ತಿದ್ದವರಿಗೆ ಉಳಿತಾಯದ ಅಭ್ಯಾಸ. ಮುಖ್ಯವಾಗಿ, ಹುಟ್ಟಿನಿಂದ ಬಾರದೆ ಕಲಿಕೆಯಿಂದ ಬಂದ ಕಸುಬು. ತಂದೆ ಮಾಡದ ಕೆಲಸವನ್ನು ಮಗ ಮಾಡಬಹುದು ಎಂಬುದು ಆ ಕಾಲಕ್ಕೆ ಸಣ್ಣ ಸಂಗತಿಯಲ್ಲ. ಕ್ರಮೇಣ ಅನ್ಯಮತೀಯರೂ ಆ ಕಾರ್ಖಾನೆಗಳಲ್ಲಿ ದುಡಿದರು.

ಆದರೆ ಇತಿಹಾಸವನ್ನು ಓದುವವರು ಇನ್ನೊಂದು ಪುಟವನ್ನೂ ತಿರುವಬೇಕು. ಆಲಯದ ಹಿರಿಯರೇ ಕಾರ್ಖಾನೆಯ ಯಜಮಾನರೂ ಆದಾಗ, ನಂಬಿಕೆಯಲ್ಲಿ ಸಡಿಲವಾದವನ ಅನ್ನಕ್ಕೂ ಕುತ್ತು ಬರಬಹುದಲ್ಲವೇ? ಅನ್ನಕ್ಕಾಗಿಯೇ ನಂಬಿಕೆ ಬದಲಿಸಿದರೆಂಬ ಆಕ್ಷೇಪವೂ ಇದರ ಬೆನ್ನಿಗೇ ಬರುತ್ತದೆ. ಧರ್ಮಸಂಸ್ಥೆ ಲಾಭ ಮಾಡಬಹುದೇ ಎಂಬ ಚರ್ಚೆ ಬಾಸೆಲಿನಲ್ಲೇ ನಡೆಯಿತು. 1859ರಲ್ಲಿ ವ್ಯಾಪಾರಕ್ಕೆಂದೇ ಪ್ರತ್ಯೇಕ ಷೇರು ಕಂಪೆನಿಯೊಂದನ್ನು ಸ್ಥಾಪಿಸಿದರು. ಮಗ್ಗ ನಮ್ಮವರದು, ಮಣ್ಣು ನಮ್ಮವರದು, ಬೆವರು ನಮ್ಮವರದು. ಲೆಕ್ಕದ ಪುಸ್ತಕ ಮಾತ್ರ ಬಾಸೆಲಿನದು.

ಇದರ ಬೆಲೆ ತಿಳಿದದ್ದು 1914ರಲ್ಲಿ. ಮಹಾಯುದ್ಧ ಆರಂಭವಾದೊಡನೆ ಜರ್ಮನರು ಬ್ರಿಟಿಷ್ ಸರಕಾರದ ಶತ್ರುಗಳಾದರು. ಮಿಷನರಿಗಳನ್ನು ಬಂಧನದಲ್ಲಿರಿಸಿ ಬಳಿಕ ದೇಶದಿಂದ ಹೊರಗೆ ಕಳುಹಿಸಲಾಯಿತು. ಉದ್ಯಮಗಳು ಸರಕಾರದ ವಶವಾಗಿ, ಯುದ್ಧಾನಂತರ ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಹೊಸ ಸಂಸ್ಥೆಗೆ ಹಸ್ತಾಂತರಗೊಂಡವು. ಎರಡು ಮೂರು ತಲೆಮಾರು ಅಲ್ಲೇ ದುಡಿದ ಕುಟುಂಬಗಳು ಆ ನಿರ್ಧಾರದ ಯಾವ ಪಾಲಿಗೂ ಭಾಗಿಗಳಾಗಿರಲಿಲ್ಲ. ಕಸುಬು ಅವರ ಕೈಯಲ್ಲಿ ಭದ್ರವಾಗಿತ್ತು. ಬಂಡವಾಳವೂ ಮಾರುಕಟ್ಟೆಯೂ ಎಂದೂ ಅವರ ಕೈಗೆ ಬಂದಿರಲಿಲ್ಲ.

ಕಾರ್ಖಾನೆಯ ಗೋಡೆಯ ಹೊರಗೆ ನಡೆದದ್ದು ಬೇರೆ. ವಿದ್ಯೆಯನ್ನು ಗೋಡೆ ಕಟ್ಟಿ ತಡೆಯಲಾಗದು. 1868ರಲ್ಲೇ ಮಂಗಳೂರಿನ ಕ್ಯಾಥೊಲಿಕರಾದ ಆಲ್ಬುಕರ್ಕ್ ಕುಟುಂಬದವರು ಸ್ವಂತ ಹೆಂಚಿನ ಕಾರ್ಖಾನೆಯನ್ನು ತೆರೆದರು. ಅನಂತರ ಅನೇಕ ಸ್ಥಳೀಯರು ಅದೇ ದಾರಿ ಹಿಡಿದರು. ಹೀಗೆ ಮಿಷನ್ ಯಾರಿಗಾಗಿ ಉದ್ಯಮ ಕಟ್ಟಿತೋ ಅವರು ಬಹುಮಟ್ಟಿಗೆ ಕೂಲಿಕಾರರಾಗಿ ಉಳಿದರು. ನೋಡಿ ಕಲಿತವರು ಉದ್ಯಮಿಗಳಾದರು. ಎರಡನೆಯವರಲ್ಲಿ ಬಂಡವಾಳವಿತ್ತು, ಲೆಕ್ಕ ಬರೆಯುವ ಕೈಯಿತ್ತು.

ಈ ಕೊರತೆಗೆ ಉತ್ತರವೂ ಅದೇ ಜಿಲ್ಲೆಯಲ್ಲೇ ಹುಟ್ಟಿದ್ದು ಸೋಜಿಗ. 1906ರಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಮಂಗಳೂರಿನಲ್ಲಿ ಕೆನರಾ ಬ್ಯಾಂಕಿನ ಮೂಲ ನಿಧಿಯನ್ನು ಸ್ಥಾಪಿಸಿದರು. 1925ರಲ್ಲಿ ಉಡುಪಿಯಲ್ಲಿ ಉಪೇಂದ್ರ ಪೈ, ಡಾ. ಟಿ.ಎಂ.ಎ. ಪೈ, ವಾಮನ ಕುಡ್ವರು ಸಂಕಷ್ಟದಲ್ಲಿದ್ದ ಕೈಮಗ್ಗದ ನೇಕಾರರಿಗೆ ನೆರವಾಗಲು ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿದ ಸಂಸ್ಥೆಯನ್ನು ತೆರೆದರು. 1928ರ ಪಿಗ್ಮಿ ಯೋಜನೆಯಲ್ಲಿ ದಿನಕ್ಕೆ ಎರಡಾಣೆಯನ್ನು ಮನೆಬಾಗಿಲಿನಲ್ಲೇ ಸಂಗ್ರಹಿಸುತ್ತಿದ್ದರು. ಬಡವನ ಹೆಸರಿನಲ್ಲೂ ಒಂದು ಲೆಕ್ಕದ ಪುಸ್ತಕ ತೆರೆದುಕೊಂಡಿತು.

ಕಸುಬು ಮತ್ತು ಲೆಕ್ಕ ಎರಡನ್ನೂ ಒಂದೇ ಸೂರಿನಡಿ ಕಲಿಸುವ ಪ್ರಯತ್ನಕ್ಕೆ 1982ರವರೆಗೆ ಕಾಯಬೇಕಾಯಿತು. ಆ ವರ್ಷ ಧರ್ಮಸ್ಥಳದ ಧರ್ಮಾಧಿಕಾರಿ ಡಾ. ಡಿ. ವೀರೇಂದ್ರ ಹೆಗ್ಗಡೆಯವರ ನೇತೃತ್ವದಲ್ಲಿ, ಕ್ಷೇತ್ರದ ಶಿಕ್ಷಣ ಟ್ರಸ್ಟ್ ಮತ್ತು ಮೇಲೆ ಹೇಳಿದ ಎರಡು ಬ್ಯಾಂಕುಗಳು ಕೂಡಿ ಉಜಿರೆಯಲ್ಲಿ ರುಡ್‌ಸೆಟ್ ಸಂಸ್ಥೆಯನ್ನು ಆರಂಭಿಸಿದವು. ಇಲ್ಲಿಯೂ ಪ್ರೇರಣೆ ಒಂದು ಧರ್ಮಕ್ಷೇತ್ರದ್ದೇ. ಆದರೆ ನಿರುದ್ಯೋಗಿ ಯುವಕ ಯುವತಿಯರಿಗೆ ಊಟ, ವಸತಿಯೊಂದಿಗೆ ಉಚಿತವಾಗಿ ಕೆಲವು ವಾರಗಳ ತರಬೇತಿ. ಕಸುಬಿನ ಜೊತೆ ಮಾರುಕಟ್ಟೆ, ಲೆಕ್ಕಪತ್ರ, ಬ್ಯಾಂಕ್ ವ್ಯವಹಾರಗಳ ಪಾಠ. ಕಲಿತವರು ಅಲ್ಲೇ ನೌಕರರಾಗದೆ ತಮ್ಮ ಊರಿಗೆ ಮರಳಿ ಸ್ವಂತ ಉದ್ಯೋಗ ಹೂಡಬೇಕು. ಸಂಸ್ಥೆ ಅವರ ಬೆನ್ನಿಗೆ ನಿಂತು ವಿಚಾರಿಸುತ್ತಿರಬೇಕು. 2009ರಲ್ಲಿ ಕೇಂದ್ರ ಸರಕಾರ ಇದೇ ಮಾದರಿಯನ್ನು ಅನುಸರಿಸಿ, ದೇಶದ ಜಿಲ್ಲೆಗಳಲ್ಲಿ ಬ್ಯಾಂಕುಗಳ ಮೂಲಕ ಇಂಥ ಸಂಸ್ಥೆಗಳನ್ನು ತೆರೆಯಿಸುವ ಯೋಜನೆಯನ್ನು ಕೈಗೊಂಡಿತು. 2020ರ ಏಪ್ರಿಲಿನಲ್ಲಿ ಸಿಂಡಿಕೇಟ್ ಬ್ಯಾಂಕ್ ಕೆನರಾದಲ್ಲಿ ವಿಲೀನವಾಯಿತು.

ಸಾಲ ಸಿಕ್ಕ ಮಾತ್ರಕ್ಕೆ ಬಡತನ ಹೋಗದು, ಕಲಿತವರೆಲ್ಲ ಗೆಲ್ಲುವುದೂ ಇಲ್ಲ. ನನ್ನ ವಿದ್ಯಾರ್ಥಿಗಳಲ್ಲೂ ಅಂಗಡಿ ತೆರೆದು ಮುಚ್ಚಿದವರಿದ್ದಾರೆ. ಆದರೂ ಸೋತವನು ತನ್ನದೇ ಲೆಕ್ಕವನ್ನು ಓದಿ ಸೋಲಿನ ಕಾರಣ ತಿಳಿಯಬಲ್ಲ. ಆ ತಿಳಿವು 1914ರ ನೇಕಾರನಿಗೆ ಲಭ್ಯವಿರಲಿಲ್ಲ.

ಧರ್ಮದ ಹೆಸರಿನಲ್ಲಿ ಬಡವರಿಗೆ ಉದ್ಯೋಗ ಕಲಿಸುವವರು ಇಂದಿಗೂ ಎಲ್ಲ ಮತಗಳಲ್ಲೂ ಇದ್ದಾರೆ. ಅವರನ್ನು ಅಳೆಯಲು ಚರಿತ್ರೆ ನನಗೆ ಕಲಿಸಿದ ಪ್ರಶ್ನೆಗಳು ಎರಡು. ಕಲಿತವನು ಕಲಿಸಿದವರನ್ನು ಬಿಟ್ಟು ನಡೆಯಲು ಸ್ವತಂತ್ರನೇ? ಲೆಕ್ಕದ ಪುಸ್ತಕ ಯಾರ ಕೈಯಲ್ಲಿದೆ?

ಕಾಂಕ್ರೀಟು ತಾರಸಿಗಳು ಬಂದ ಮೇಲೆ ಹೆಂಚಿನ ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿವೆ. ಅಲ್ಲಿ ದುಡಿದ ಹಿರಿಯರು ನಿಮ್ಮ ಮನೆಗಳಲ್ಲಿ, ನೆರೆಕರೆಯಲ್ಲಿ ಇರಬಹುದು. ಅವರ ಕೂಲಿ ಎಷ್ಟಿತ್ತು, ಉಳಿಸಿದ್ದೆಷ್ಟು, ಮಕ್ಕಳನ್ನು ಏನು ಓದಿಸಿದರು ಎಂದು ಕೇಳಿ ಬರೆದಿಡಿರಿ. ನಮ್ಮ ಪಠ್ಯಪುಸ್ತಕದ ಆ ಎರಡು ಮೂರು ವಾಕ್ಯಗಳು ಬೆಳೆಯಬೇಕಾದದ್ದು ಅಂಥ ಬರಹಗಳಿಂದಲೇ.