ಶೂರ್ಪಾರಕದ ದಾರಿ

ನಾಲಾಸೋಪಾರ ಅಂದರೆ ನಮ್ಮ ಕಡೆಯ ಮಂದಿಗೆ ನೆನಪಾಗೋದು ವಿರಾರ್ ಲೋಕಲ್ಲಿನ ನೂಕುನುಗ್ಗಲು, ಕಡಿಮೆ ಬಾಡಿಗೆಯ ಖೋಲಿ. ಒಂದು ಭಾನುವಾರ ಸ್ಟೇಷನ್ನಿನ ಪಶ್ಚಿಮಕ್ಕೆ ನಡೆದುಕೊಂಡು ಹೋಗಿ ನೋಡಿ. ಹಳೆಯ ಶೂರ್ಪಾರಕ ಬಂದರು ಇದೇ. ಇಲ್ಲಿಯ ಇಟ್ಟಿಗೆ ದಿಬ್ಬವೊಂದನ್ನು ಊರವರು ಬುರುಡ ರಾಜನ ಕೋಟೆ ಅನ್ನುತ್ತಿದ್ದರು. 1882ರಲ್ಲಿ ಭಗವಾನ್‌ಲಾಲ್ ಇಂದ್ರಜಿ ಅಗೆಸಿದಾಗ ಅದು ಬೌದ್ಧ ಸ್ತೂಪ ಎಂದು ತಿಳಿಯಿತು; ಒಳಗಿನ ಕಲ್ಲಿನ ಪೆಟ್ಟಿಗೆಯಲ್ಲಿ ಎಂಟು ಕಂಚಿನ ಪ್ರತಿಮೆಗಳಿದ್ದವು. ಬುರುಡರೆಂದರೆ ನಮ್ಮ ಮೇದಾರರು. ಶೂರ್ಪ ಅಂದರೆ ಮೊರ. ಬುದ್ಧನನ್ನು ಮರೆತ ಊರು ತನ್ನ ಹೆಸರನ್ನು ಮರೆತಿರಲಿಲ್ಲವೇನೋ!

ಅದೇ ವರ್ಷ ಅಶೋಕನ ಎಂಟನೆಯ ಬಂಡೆಶಾಸನದ ತುಣುಕೂ ಇಲ್ಲಿ ಸಿಕ್ಕಿತು. ಅರಸ ಬೇಟೆಯ ವಿಹಾರ ಬಿಟ್ಟು ಧರ್ಮಯಾತ್ರೆಗೆ ಹೊರಟ ಸಂಗತಿ ಆ ಶಾಸನದ್ದು. ತಿರುಗಾಟದ ಶಾಸನವೇ ಅನ್ನಿ. ಒಂಬತ್ತನೆಯದರ ತುಣುಕು 1956ರಲ್ಲಿ ದೊರೆತದ್ದು ಭುಯಿಗಾಂವ್‌ನಲ್ಲಿ. ಅಲ್ಲಿಗೆ ಹೋಗುವಾಗ ನಿರ್ಮಳದ ಕೆರೆ, ಗುಡ್ಡದ ಮೇಲಿನ ದೇಗುಲ, ಇಗರ್ಜಿ, ಬಾಳೆತೋಟ. ಕಲಬುರಗಿ ಕಡೆಯಿಂದ ದುಡಿಯಲು ಬಂದವರಿಗೆ ಇದೇನು ಪರಸ್ಥಳವೇ? ಅವರ ಸನ್ನತಿಯಲ್ಲೂ ಅಶೋಕನ ಶಾಸನದ ಕಲ್ಲು ದೇವಿಯ ಪೀಠವಾಗಿ ಉಳಿದಿತ್ತು. ಈ ಕೊಂಕಣವನ್ನು ಆಳಿದ ಶಿಲಾಹಾರರೂ ಮೊದಲು ಮಾನ್ಯಖೇಟದ ರಾಷ್ಟ್ರಕೂಟರ ಸಾಮಂತರು.

ಮುಂದೆ ಕಡಲಂಚಿಗೆ ಜೌಗು, ಕಾಂಡ್ಲಾ ಗಿಡ. ಹಡಗು ಬರುತ್ತಿದ್ದ ಖಾಡಿಗಳು ಹೂಳು ತುಂಬಿ ಬಂದರು ಕಳೆಗುಂದಿತು. ಆದರೆ ನೀರು ತನ್ನ ಜಾಗ ಬಿಟ್ಟಿಲ್ಲ ನೋಡಿ. 2018ರ ಜುಲೈ ಮಳೆಗೆ ನಾಲಾಸೋಪಾರದ ಹಳಿಗಳೇ ಮುಳುಗಿದವು. ವಸಯಿಯ ಉಪ್ಪಿನ ಆಗರಗಳಲ್ಲಿ ಕೆಲಸದವರು ನೀರಿನ ನಡುವೆ ಸಿಕ್ಕಿಕೊಂಡರು. ತಗ್ಗಿಗೆ ಮಣ್ಣು ತುಂಬಿ ಕಟ್ಟಿದ ಚಾಳುಗಳಲ್ಲಿ ನಮ್ಮವರೂ ಇದ್ದಾರೆ. ಮಳೆ ಹಿಡಿದರೆ ಅಕ್ಕಿಚೀಲ ಮೊದಲು ಅಟ್ಟ ಏರುತ್ತದೆ.